ಬೆಳಗಿನ ಬೋಣಿ

ಹಾಸಿಗೆ ಮೀರಿ ಕಾಲು ಚಾಚಿದ್ದ ಪುಟ್ಟಲಿಂಗಯ್ಯನ ದಿನಸಿ ಅಂಗಡಿ ಕೊನೆಗೂ ಬ್ಯಾಂಕಿನ ಸಾಲಕ್ಕೆ ಜಪ್ತಿಯಾಗುವುದರಲ್ಲಿತ್ತು. ಗಿರಾಕಿಗಳೆಲ್ಲ ದೂರವಾಗಿದ್ದರೂ, ಹೂ ಮಾರುವ ಚಿಕ್ಕತಾಯಮ್ಮ ಮಾತ್ರ ದಿನವೂ ಬಾಗಿಲು ತೆಗೆದ ಕೂಡಲೇ ಬಂದು, ನಗದು ಕೊಟ್ಟು ಕರ್ಪೂರ ಒಯ್ಯುತ್ತಿದ್ದಳು. ಆ ಬೋಣಿಯ ದುಡ್ಡನ್ನು ಕಣ್ಣಿಗೊತ್ತಿಕೊಂಡಾಗ ಅವನಿಗೆ ಇನ್ನೊಂದು ದಿನ ನೂಕುವ ಧೈರ್ಯ ಬರುತ್ತಿತ್ತು.

ಇವತ್ತು ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

“ನಾಳೆ ಬರಬೇಡ ತಾಯಿ, ಬ್ಯಾಂಕಿನೋರು ಬೀಗ ಜಡೀತಾರೆ. ನಿನ್ನ ಕೈಲಿ ಮಾಡಿಸಿದ ಪಾಪ ಸುಮ್ನೆ ಬಿಡುತ್ತಾ?”

ಬೋಣಿಗೆ ಮುಂಚೆ ಸಾಲ ಕೇಳಿದರೆ ದಿನದ ವ್ಯಾಪಾರವೇ ಕೆಡುತ್ತದೆ ಎನ್ನುವುದು ಪೇಟೆಯ ನಂಬಿಕೆ. ಪಕ್ಕದ ನಂಜಪ್ಪನ ಮಳಿಗೆಯನ್ನು ನುಂಗಿ ತನ್ನದನ್ನು ದೊಡ್ಡದು ಮಾಡುವ ಆಸೆಗೆ ಬಿದ್ದಿದ್ದ ಪುಟ್ಟಲಿಂಗಯ್ಯ, ಹಿಂದೆ ಚಿಕ್ಕತಾಯಮ್ಮನನ್ನೇ ದಿನಾ ಬೆಳಗ್ಗೆ ಅಲ್ಲಿಗೆ ಸಾಲ ಕೇಳಲು ಅಟ್ಟುತ್ತಿದ್ದ. ವ್ಯಾಪಾರ ಕೆಟ್ಟು ನಂಜಪ್ಪ ಮಳಿಗೆ ಬಿಟ್ಟು, ಈಗ ಬಸ್ ಸ್ಟ್ಯಾಂಡಿನಲ್ಲಿ ತಳ್ಳುಗಾಡಿಯ ಮೇಲೆ ಕಡಲೆಕಾಯಿ ಮಾರುತ್ತಿದ್ದ.

“ಕಳಿಸ್ತಿದ್ದೋನು ನಾನು ಅಂತ ಅವನಿಗೆ ಗೊತ್ತಾಗಲಿಲ್ಲ ತಾನೇ?”

“ಮೊದಲನೇ ದಿನಾನೇ ಗೊತ್ತಾಯ್ತು ಸ್ವಾಮಿ.”

ಪುಟ್ಟಲಿಂಗಯ್ಯ ತಕ್ಕಡಿಯ ತಟ್ಟೆ ಒರೆಸುತ್ತ ಕೂತ. ಅದರಲ್ಲಿ ಧೂಳೇನೂ ಇರಲಿಲ್ಲ.

“ಹಂಗಿದ್ರೂ ನೀನು ನನಗೆ ಬೋಣಿ ಮಾಡ್ತೀಯಲ್ಲ. ಒಲೆ ಹಚ್ಚೋಕೇ ಕಷ್ಟ ನಿಂಗೆ, ಈ ಕರ್ಪೂರ ಯಾಕೆ?”

ಚಿಕ್ಕತಾಯಮ್ಮ ಸೆರಗಿನ ಗಂಟು ಬಿಚ್ಚಿ ನೋಟು ಮುಂದಿಟ್ಟಳು.

“ದುಡ್ಡು ನಂದಲ್ಲ ಸ್ವಾಮಿ. ‘ಬೋಣಿ ಆಗ್ದೆ ಕೂರೋ ಸಂಕಟ ಏನೂಂತ ನಂಗೊತ್ತು’ ಅಂತ ದಿನಾ ಕೊಟ್ಟು ಕಳಿಸ್ತಿದ್ದೋರು ನಂಜಪ್ಪನವ್ರು.”