ನಡುವೆ ಕೈಬಿಟ್ಟ ಮೂರು ವಿಷಯಗಳು

"ತೆಗೆದುಹಾಕು ಅದನ್ನ," ಎಂದರು ಡಾಕ್ಟರ್ ಆರ್ನೆ ಟೊಲೆಫ್ಸನ್, ಮಗಳ ಬೆನ್ನ ಹಿಂದೆ ನಿಂತು ಲ್ಯಾಪ್‌ಟಾಪ್ ನೋಡುತ್ತ. "ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿಹಾಕ್ಕೋತಿದ್ದೀಯ."

ಸಿಗ್ನೆ ತೆಗೆಯಲಿಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿ, ಡಬ್ಲ್ಯೂ. ಭೌತಶಾಸ್ತ್ರ, ಡಬ್ಲ್ಯೂ. ಸಂಖ್ಯಾಶಾಸ್ತ್ರ, ಡಬ್ಲ್ಯೂ. ನಡುವೆ ಕೈಬಿಟ್ಟ ಕೋರ್ಸಿನ ಎದುರು ಕಾಲೇಜು ಬರೆಯುವ ಅಕ್ಷರ ಅದು. ಮೆಡಿಕಲ್ ಕಾಲೇಜಿನ ಅರ್ಜಿಯಲ್ಲಿ ಒಂದು ಕಂಡರೆ ಆಯ್ಕೆ ಸಮಿತಿಯವರು ಹುಬ್ಬೇರಿಸುತ್ತಾರೆ. ಮೂರು ಕಂಡರೆ ಮುಂದಿನ ಅರ್ಜಿಗೆ ಕೈಹಾಕುತ್ತಾರೆ.

"ಮುಚ್ಚಿಡೋ ಹಾಗಿಲ್ಲ ಅಪ್ಪ. ಕಾಲೇಜಿನೋರು ಅಂಕಪಟ್ಟಿ ನೇರವಾಗಿ ಅವರಿಗೇ ಕಳಿಸ್ತಾರೆ. ನಾವು ಬರೆದಿದ್ದನ್ನ ಅದರ ಜೊತೆ ಸಾಲುಸಾಲಾಗಿ ಹೋಲಿಸ್ತಾರೆ. ತಾಳೆ ಆಗ್ಲಿಲ್ಲ ಅಂದ್ರೆ ಅರ್ಜಿ ವಾಪಸ್."

"ಬಿಟ್ಟಾಗಲೇ ನಂಗೊಂದು ಮಾತು ಹೇಳಕ್ಕೇನಾಗಿತ್ತು?"

ಅವಳು ಅರ್ಜಿಯ ಮುಂದಿನ ಪುಟ ತೆರೆದಳು. ಎಷ್ಟೋ ತಿಂಗಳಿಂದ ಅವಳಿಗೆ ಯಾವುದೂ ತಟ್ಟುತ್ತಿರಲಿಲ್ಲ. ಅಪ್ಪನೇ ಮಾಂಸ, ಆಲೂಗಡ್ಡೆ ಸೇರಿಸಿ ಓವನ್ನಿನಲ್ಲಿ ಬೇಯಿಸಿದ ಹಾಟ್‌ಡಿಶ್ ತಟ್ಟೆಯಲ್ಲಿ ಆರಿಹೋಗಿತ್ತು. ಬಿಸಿಯಿದ್ದಾಗಲೂ ಅವಳಿಗೆ ರುಚಿ ಗೊತ್ತಾಗಿರಲಿಲ್ಲ.

ಮಿನೆಸೋಟದ ಆ ಸಣ್ಣ ಊರಿಗೆ ಟೊಲೆಫ್ಸನ್ ಕ್ಲಿನಿಕ್ ಒಂದೇ ಗತಿ. ಅಜ್ಜ ತೆರೆದದ್ದು, ಅಪ್ಪ ನಡೆಸಿದ್ದು. ಅಣ್ಣ ಲೀಫ್ ಮುಂದುವರಿಸಬೇಕಿತ್ತು. ಅವನು ಒಂದು ದಿನ "ನಂಗೆ ಬೇಡ" ಎಂದುಬಿಟ್ಟ. ಮರುದಿನ ಗೋಡೆಯಿಂದ ಅವನ ಫೋಟೋ ಇಳಿಯಿತು. ಅಂದಿನಿಂದ ಅಪ್ಪನ ಬಾಯಲ್ಲಿ ಆ ಹೆಸರು ಬಂದಿಲ್ಲ. ಉಳಿದವಳು ಸಿಗ್ನೆ. ಅವಳು ಎಂದೂ ಬೇಡ ಎಂದವಳಲ್ಲ.

ಡಾಕ್ಟರು ಕಾಲೇಜಿಗೆ ಫೋನ್ ಮಾಡಿದರು. ವಯಸ್ಸಿಗೆ ಬಂದ ಮಕ್ಕಳ ಅಂಕಗಳನ್ನು ಹೆತ್ತವರಿಗೂ ಹೇಳುವಂತಿಲ್ಲ ಎಂದು ಆ ಕಡೆಯ ಹೆಂಗಸು ನಯವಾಗಿ ಸಾಗಹಾಕಿದಳು.

"ಫೀಸು ಕಟ್ಟೋವಾಗ ಮಾತ್ರ ನಾನು ಅಪ್ಪ!" ಎಂದು ಫೋನ್ ಕುಕ್ಕಿದರು. ಆಮೇಲೆ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ದನಿ ಇಳಿದಿತ್ತು.

"ನೋಡು ಪುಟ್ಟಿ. ಸೀಟು ಸಿಗದೇ ಹೋದ್ರೂ ನಂಗೆ ನಿನ್ನ ಮೇಲೆ ಸಿಟ್ಟಿಲ್ಲ. ಪ್ರಯತ್ನಪಟ್ಟು ಸೋತೋರನ್ನ ನಾನು ಕೈಬಿಡಲ್ಲ. ಬೇಡ ಅಂತ ಎದ್ದುಹೋಗ್ತಾರಲ್ಲ, ಅವರ ಮುಖ ಮಾತ್ರ ನೋಡಲ್ಲ."

"ಗೊತ್ತು ಅಪ್ಪ," ಎಂದಳು ಸಿಗ್ನೆ. ಅರ್ಜಿ ಕಳಿಸುವ ಗುಂಡಿ ಒತ್ತಿದಳು.

ಹಿಮ ಬೀಳುವ ಹೊತ್ತಿಗೆ ಅರ್ಜಿ ವಾಪಸ್ ಬಂತು. ಅಂಕಪಟ್ಟಿಗೂ ಅದಕ್ಕೂ ತಾಳೆಯಿಲ್ಲ. ಸರಿಪಡಿಸಿ ಕಳಿಸೋಣವೆಂದರೆ ಗಡುವು ಮುಗಿದಿತ್ತು.

"ಇನ್ನೂ ಎಷ್ಟು ಡಬ್ಲ್ಯೂ ಬಚ್ಚಿಟ್ಟಿದ್ದೆ?"

"ಒಂದೂ ಬಚ್ಚಿಟ್ಟಿಲ್ಲ ಅಪ್ಪ."

ಅವರು ನಂಬಲಿಲ್ಲ. ಆದರೂ ಕೂಗಾಡಲಿಲ್ಲ. ಮಗಳನ್ನು ಎಳೆದು ಅಪ್ಪಿಕೊಂಡರು.

"ಹೋಗ್ಲಿ ಬಿಡು. ನಿನ್ನ ಕೈಲಾದಷ್ಟು ಮಾಡ್ದೆ. ಡಾಕ್ಟರಾಗೋದು ಎಲ್ಲರ ಹಣೇಲೂ ಬರೆದಿರಲ್ಲ. ಡುಲೂತ್‌ನ ಆಸ್ಪತ್ರೆಯೋರು ಕ್ಲಿನಿಕ್ ಕೇಳ್ತಾನೇ ಇದ್ದಾರೆ, ಕೊಟ್ಟುಬಿಡ್ತೀನಿ." ಅವರ ದನಿ ಒಡೆಯಿತು. "ನೀನು ನನ್ನ ಜೊತೆಗಿದ್ದೀಯಲ್ಲ, ಸಾಕು."

ಅಪ್ಪನ ಎದೆಗೆ ಮುಖವೊತ್ತಿ ಅವಳು ಕಾದಳು. ನಾಚಿಕೆಯಾದರೂ ಆದೀತು, ನೆಮ್ಮದಿಯಾದರೂ ಆದೀತು ಎಂದುಕೊಂಡಳು. ಎರಡೂ ಆಗಲಿಲ್ಲ.

ಕಾಲೇಜು ಕಳಿಸಿದ್ದ ಅಂಕಪಟ್ಟಿಯಲ್ಲಿ ಡಬ್ಲ್ಯೂ ಎಂಬುದೇ ಇರಲಿಲ್ಲ. ಆ ಮೂರೂ ವಿಷಯಗಳಲ್ಲಿ ಸಿಗ್ನೆಯೇ ತರಗತಿಗೆ ಮೊದಲಿಗಳು.