ಖಾಲಿ ಮೊಳೆ

ಅಂದು ಬೆಳಿಗ್ಗೆ ಮಂಜು ಹೇಗೆ ಕವಿದಿತ್ತೆಂದರೆ, ಚಾಚಿದ ಕೈ ಕಾಣುತ್ತಿತ್ತು, ಬೆರಳು ಕಾಣುತ್ತಿರಲಿಲ್ಲ. ಅಳಿವೆಯ ಈಚೆ ದಡದ ಮರದ ಕೋಣೆಯ ಮುಂದೆ ನಿಂತು ಬಿಲ್ಲೆಯಮ್ಮ ಗಂಟೆ ಬಾರಿಸುತ್ತಿದ್ದಳು. ಆ ಮಂಜಿನೊಳಗೆಲ್ಲೋ, ಬರಿ ಮರಳಿನ ಮೇಲೆ, ಅವಳ ಮಗ ಪಯಣಿಗರನ್ನು ನಡೆಸಿಕೊಂಡು ಬರುತ್ತಿದ್ದ. ಗಂಟೆಯ ಸದ್ದೇ ಅವನಿಗೆ ದಿಕ್ಕು. ಬಾರಿಸುವುದು ಬಿಟ್ಟರೆ ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ. ಉಳಿದದ್ದೆಲ್ಲ ದೇವರ ಕೈಯಲ್ಲಿ.

ಕಡಲಂಚು ಹಿಡಿದು ವಾರಗಟ್ಟಲೆ ಸಾಗುವ ಹಾದಿ ಅದು. ಕೆಲವರು ನಡೆದು ಬರುವರು, ಕೆಲವರು ಸೈಕಲ್ ತುಳಿದು. ಹಾದಿ ತುಂಡಾಗುವುದು ಹೊಳೆ ಕಡಲು ಸೇರುವ ಈ ಅಳಿವೆಯ ಬಳಿ ಮಾತ್ರ. ನೀರು ಇಳಿದಾಗ ಮರಳು ದಾರಿ ಕೊಡುತ್ತದೆ. ಏರಿದಾಗ ಕೊಟ್ಟದ್ದನ್ನು ಕಸಿದುಕೊಳ್ಳುತ್ತದೆ. ಅದಕ್ಕೇ ಇಲ್ಲೊಂದು ಕಟ್ಟಳೆ. ಆಚೆ ದಡದಲ್ಲಿ ಮರಳಿಗಿಳಿಯುವ ಪ್ರತಿಯೊಬ್ಬರಿಗೂ ಒಂದು ಹಿತ್ತಾಳೆ ಬಿಲ್ಲೆ. ಈಚೆ ದಡ ಹತ್ತಿದೊಡನೆ ಅದನ್ನು ಬಿಲ್ಲೆಯಮ್ಮನ ಕೈಗಿಡಬೇಕು. ಹಂಚಿ ಉಳಿದವನ್ನು ಮಗ ಚೀಲದಲ್ಲಿ ತರುವನು. ಎಲ್ಲವನ್ನೂ ಅವಳು ಹಲಗೆಯ ಮೊಳೆಗಳಿಗೆ ತೂಗುಹಾಕುವಳು. ಒಂದು ಮೊಳೆ ಖಾಲಿ ಉಳಿಯಿತೆಂದರೆ, ಮರಳಿನ ಮೇಲೆ ಒಂದು ಜೀವ ಉಳಿಯಿತೆಂದು ಲೆಕ್ಕ.

ಬಿಲ್ಲೆಗಳನ್ನು ಮಾಡಿದವನು ಅವಳ ಗಂಡ. ಆಗ ದಾರಿ ತೋರಿಸುವ ಕೆಲಸವೂ ಅವನದೇ. ಅಂಕಿ ಯಾರ ನೆನಪಿನಲ್ಲೂ ನಿಲ್ಲದೆಂದು ಒಂದೊಂದರ ಮೇಲೂ ಒಂದೊಂದು ಚಿತ್ರ ಕೊರೆದಿದ್ದ: ಏಡಿ, ದೋಣಿ, ಆಮೆ, ಮೀನು. ಎಲ್ಲಕ್ಕಿಂತ ಚೆಂದದ್ದು ಶಂಖ. ಅದರ ಸುರುಳಿಗೇ ಒಂದು ವಾರ ಕಣ್ಣು ಸೋಲಿಸಿಕೊಂಡಿದ್ದ. "ತಲೆ ಎಣಿಸಿದ್ರೆ ತಪ್ಪಬಹುದು ಕಣೇ, ಬಿಲ್ಲೆ ತಪ್ಪಲ್ಲ" ಎನ್ನುತ್ತಿದ್ದ.

ಈಗ ಹಲಗೆಯಲ್ಲಿ ಶಂಖದ ಮೊಳೆಯೊಂದೇ ತುಕ್ಕು ಹಿಡಿದಿದೆ. ಮಿಕ್ಕವು ದಿನದಿನದ ತಿಕ್ಕಾಟಕ್ಕೆ ಹೊಳೆಯುತ್ತವೆ.

ವರ್ಷಗಳ ಹಿಂದಿನ ಆ ದಿನವೂ ಹೀಗೇ ಮಂಜು. ಜನವೋ ಜನ, ಸೈಕಲ್ಲುಗಳ ನೂಕುನುಗ್ಗಲು. ಹಲಗೆ ನೋಡಿ ಅವಳು ಆಡಿದ್ದು ಎರಡೇ ಮಾತು: "ಶಂಖ ಬಂದಿಲ್ಲ." ಗಂಡ ಬಾಯಿಗಿಟ್ಟ ನೀರಿನ ಲೋಟವನ್ನು ಕೆಳಗಿಟ್ಟ.

"ನೀರು ಏರ್ತಾ ಇದೆ ಕಣ್ರೀ."

"ಅದಕ್ಕೇ ಬೇಗ ಹೋಗ್ತೀನಿ."

ಮೂರನೆಯ ದಿನ ಕಡಲು ಅವನ ದೇಹವನ್ನು ತಂದುಕೊಟ್ಟಿತು. ಶಂಖದವನನ್ನು ಕೊಡಲೇ ಇಲ್ಲ. ಅವನನ್ನು ಕೇಳಿಕೊಂಡು ಒಂದು ನರಪಿಳ್ಳೆಯೂ ಬರಲಿಲ್ಲ. ಹಿಂದುಮುಂದಿಲ್ಲದ ಯಾವ ಅನಾಥನೋ ಪಾಪ! ಸಂಜೆ ಕೈಮುಗಿಯುವಾಗ ಅವಳು ಗಂಡನಿಗಿಂತ ಮೊದಲು ಆ ಹೆಸರಿಲ್ಲದವನಿಗಾಗಿ ಬೇಡುತ್ತಾಳೆ. ಮುಳುಗುವ ಜೀವಕ್ಕಾಗಿ ಹೋದ ಜೀವ. ಇಬ್ಬರೂ ನಿನ್ನ ಪಾದದಲ್ಲಿ ಜೊತೆಗಿರಲಿ, ತಂದೆ. ಇಷ್ಟು ವರ್ಷ ಅವಳು ಊರಿಕೊಂಡು ನಡೆದದ್ದು ಅದೊಂದೇ ಕೋಲನ್ನು.

ಮಂಜಿನಲ್ಲಿ ಮಗನ ಸೀಟಿ ಕೇಳಿಸಿತು. ಕೆಸರುಗಾಲುಗಳು, ಒದ್ದೆ ಟೈರುಗಳು ಒಂದೊಂದಾಗಿ ಮೂಡಿದವು.

"ಏನಮ್ಮಾ, ನಿನ್ನ ಮಗ ದಾರಿ ತೋರಿಸ್ತಾನೆ ಅಂದ್ರು. ಅವನ ಬೆನ್ನೇ ಕಾಣ್ಲಿಲ್ಲ!" ಎಂದು ಸೈಕಲ್ಲಿನವನೊಬ್ಬ ನಕ್ಕ.

"ಬೆನ್ನು ಕಟ್ಕೊಂಡು ಏನ್ ಮಾಡ್ತೀಯಪ್ಪಾ, ದಡ ಕಂಡ್ಯಲ್ಲ. ಬಿಲ್ಲೆ ಕೊಡು."

ದೋಣಿ ಬಂತು. ಆಮೆ ಬಂತು. ಮೀನು ಬಂತು. ಮಗನ ಚೀಲವೂ ಬಂತು. ತೂಗುಹಾಕುತ್ತಿದ್ದ ಕೈ ತಟ್ಟನೆ ನಿಂತಿತು.

ಏಡಿ ಇಲ್ಲ.

ಚೀಲ ಕೊಡವಿದಳು. ನೆಲ ತಡವಿದಳು. ಇಲ್ಲ. ಹೊರಗೆ ನೀರಿನ ಸದ್ದು ಬದಲಾಗಿತ್ತು, ಉಬ್ಬರ ಶುರುವಾಗಿತ್ತು. ಈ ಮಂಜಿಗೆ ಯಾವ ದೋಣಿಯೂ ಇಳಿಯದು.

"ಎಲ್ಲಾ ಬಂತಾ ಅಮ್ಮಾ?" ಬಾಗಿಲಲ್ಲಿ ಮಗ. ಹಗ್ಗದ ಸುರುಳಿ ಇನ್ನೂ ಹೆಗಲ ಮೇಲೇ ಇತ್ತು. ಥೇಟ್ ಅಪ್ಪನ ನಿಲುವು.

ಇಲ್ಲವೆಂದರೆ ತನ್ನ ಮಗನನ್ನು ಕಳಿಸಿದಂತೆ. ಹೌದೆಂದರೆ ಯಾರದೋ ಮಗನನ್ನು ಮುಳುಗಿಸಿದಂತೆ. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

"ತಾಳಪ್ಪ, ಇನ್ನೂ ನೋಡ್ತಿದೀನಿ."

"ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತಲ್ಲಮ್ಮ. ಯಾವ್ದು?"

ಅವಳು ಹಲಗೆಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ಮಗ ಅವಳ ಹೆಗಲ ಮೇಲಿಂದ ನೋಡಿದ. ಹಗ್ಗವನ್ನು ಸೊಂಟಕ್ಕೆ ಬಿಗಿಯತೊಡಗಿದ. ಅವಳು ಅವನ ತೋಳು ಹಿಡಿದಳು.

"ಬಿಡಮ್ಮಾ. ಅಪ್ಪ ಇದ್ದಿದ್ರೆ ನಿಲ್ತಿದ್ರಾ?"

ನಿಲ್ಲುತ್ತಿರಲಿಲ್ಲ. ಅವಳ ಬೆರಳುಗಳು ತಾವಾಗಿಯೇ ಸಡಿಲವಾದವು.

"ಸ್ವಲ್ಪ ತಾಳಿ, ತಾಳಿ!" ಒಂದೇ ಕಾಲಿಗೆ ಶೂ ಹಾಕಿಕೊಂಡು, ನರೆಗೂದಲಿನ ಪಯಣಿಗನೊಬ್ಬ ಕುಂಟುತ್ತ ಒಳಗೆ ಬಂದ. "ಏಡಿ ನನ್ನ ಹತ್ರ ಇದೆ. ಹೊರಗೆ ಬೆಂಚ್ ಮೇಲೆ ಕೂತು ಶೂ ಒಳಗಿನ ಮರಳು ಕೊಡವ್ತಾ ಮರೆತೇಬಿಟ್ಟೆ. ಒಂದು ಬಿಲ್ಲೆಗೆ ಇಷ್ಟು ಗಾಬರೀನಾ ತಾಯಿ?"

ಬಿಲ್ಲೆಯಮ್ಮ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಹೋದ ಜೀವ ಬಂದಂತಾಯಿತು.

"ಪುಣ್ಯಾತ್ಮರೇ, ಇನ್ನೊಂದು ಗಳಿಗೆ ಬಿಟ್ಟಿದ್ರೆ ನನ್ನನ್ನ ಮೀನಿನ ಜೊತೆ ಈಜಿಸ್ತಿದ್ರಿ!" ಎಂದು ನಗುತ್ತ ಮಗ ಹಗ್ಗ ಬಿಚ್ಚಿ, ಉಳಿದವರಿಗೆ ಮುಂದಿನ ದಾರಿ ಹೇಳಲು ಹೊರಗೆ ಹೋದ.

ಏಡಿ ತನ್ನ ಮೊಳೆ ಸೇರಿತು. ಪಯಣಿಗ ಮಾತ್ರ ಹೋಗಲಿಲ್ಲ. ಅಂಗಿಯ ಒಳಜೇಬಿಗೆ ಕೈಹಾಕಿ, ಮಗುವಿನಂತೆ ಸಂಕೋಚಪಡುತ್ತ ನಿಂತ.

"ಹರೆಯದಲ್ಲಿ ಒಂದ್ಸಲ ಸೈಕಲ್ಲಲ್ಲಿ ಬಂದಿದ್ದೆ ತಾಯಿ. ಅವತ್ತೂ ಹೀಗೇ ಮಂಜು, ಇಲ್ಲೆಲ್ಲ ನೂಕಾಟ. ಅದೆಷ್ಟು ಚೆನ್ನಾಗಿ ಕೊರೆದಿದ್ರು ಅಂದ್ರೆ, ನೆನಪಿಗಿರ್ಲಿ ಅಂತ ಜೇಬಿಗೆ ಹಾಕ್ಕೊಂಡು ಹೊರಟೇಬಿಟ್ಟೆ. ಕಾಲು ಪೂರ್ತಿ ಸೋಲೋ ಮುಂಚೆ ನಿಮ್ಮದು ನಿಮಗೆ ಸೇರಿಸ್ಬೇಕು ಅನ್ನಿಸ್ತು."

ಅವಳ ತೆರೆದ ಅಂಗೈಯಲ್ಲಿ, ಸದ್ದಿಲ್ಲದೆ, ಅವನು ಶಂಖವನ್ನು ಇಟ್ಟ.