ವಾರಸುದಾರರಿಲ್ಲದ ಕಾರು

ನಮ್ಮ ಬಡಾವಣೆಯ ಮೂಲೆಯಲ್ಲಿ ಒಂದು ಹಳೇ ಕಾರು ಕೊಳೆಯುತ್ತಿತ್ತು. ನಂಬರ್ ಪ್ಲೇಟ್ ಇಲ್ಲ, ಒಳಗೆ ಬೀದಿನಾಯಿಯ ಸಂಸಾರ, ಸುತ್ತಲೂ ಇಡೀ ಬೀದಿಯ ಕಸ, ಕುಡುಕರ ಬಾಟಲಿ.

ಪ್ರತಿ ಸಭೆಯಲ್ಲೂ ನಿವಾಸಿಗಳ ಸಂಘದ ಅಧ್ಯಕ್ಷರು ಮೇಜು ಗುದ್ದುತ್ತಿದ್ದರು. "ಯಾವನ್ರೀ ಆ ಮಾನಗೆಟ್ಟೋನು? ಕೈಗೆ ಸಿಗ್ಲಿ, ಅಷ್ಟೂ ಕಸ ಅವನ ಮನೆ ಮುಂದೆ ಸುರೀತೀನಿ!" ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಆಯುಧಪೂಜೆಯ ಬೆಳಿಗ್ಗೆ ನೋಡಿದರೆ ಆ ಕಾರಿಗೂ ಚೆಂಡುಹೂವಿನ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು. ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದವರು ಅಧ್ಯಕ್ಷರ ತಾಯಿ.

"ಯಾರದೋ ಗುಜರಿ ಗಾಡಿಗೆ ನೀವ್ಯಾಕಜ್ಜಿ ಪೂಜೆ ಮಾಡ್ತಿದ್ದೀರಿ?" ಎಂದೆ.

ಅಜ್ಜಿ ಗಂಟೆ ನಿಲ್ಲಿಸದೆ ಸಿಡುಕಿದರು: "ನನ್ನ ಮಗ ನಂಬರ್ ಪ್ಲೇಟ್ ಕಿತ್ತು ಅಟ್ಟಕ್ಕೆ ಹಾಕ್ದ ಅಂತ ನಮ್ಮನೆ ಗಾಡಿಗೆ ಪೂಜೆ ತಪ್ಪಿಸಕ್ಕಾಗತ್ತೇನಪ್ಪಾ?"